ಮಾಲ್ಗುಡಿಯ ಸರ್ಕಸ್ಸು: ಹುಲಿಯು ಹೇಳಿದ ಕಥೆಯ ವಿಮರ್ಶೆ

ದಿವಂಗತ ಆರ್. ಕೆ. ನಾರಾಯಣರ ‘ಎ ಟೈಗರ್ ಫಾರ್ ಮಾಲ್ಗುಡಿ’ ಎಂಬ ಕಾದಂಬರಿಯು 1983ರಲ್ಲಿ ಪ್ರಕಟವಾಯಿತು. ಗ್ರಂಥದ ಭಾಷೆಯು ಇಂಗ್ಲಿಷಾದರೂ ಅದು ಬೆಳೆದ ನೆಲವು ಕನ್ನಡನಾಡಿಗೆ ಹೊರತಾದುದಲ್ಲ. ಗ್ರಂಥಕರ್ತರು 1906ರಲ್ಲಿ ಮದರಾಸಿನಲ್ಲಿ ಹುಟ್ಟಿದವರು. ತಂದೆಯವರು ಮೈಸೂರಿನಲ್ಲಿ ಮುಖ್ಯೋಪಾಧ್ಯಾಯರಾಗಿದ್ದುದರಿಂದ ಅಲ್ಲಿಯೇ ಓದಿ, 1930ರಲ್ಲಿ ಮಹಾರಾಜರ ಕಾಲೇಜಿನಿಂದ ಬಿ.ಎ. ಪದವಿಯನ್ನು ಪಡೆದು, ಆಯುಷ್ಯದ ಬಹುಭಾಗವನ್ನು ಆ ನಗರದಲ್ಲಿಯೇ ಕಳೆದರು. 1939ರಲ್ಲಿ ಅಂದಿನ ಸಂಸ್ಥಾನವನ್ನು ಕುರಿತೂ, 1977ರಲ್ಲಿ ಕರ್ನಾಟಕ ರಾಜ್ಯವನ್ನು ಕುರಿತೂ ಒಂದೊಂದು ಪ್ರವಾಸಗ್ರಂಥವನ್ನು ಬರೆದರು. 1935ರಲ್ಲಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಎಂಬ ಕೃತಿಯೊಡನೆ ಹುಟ್ಟಿದ ಮಾಲ್ಗುಡಿ ಎಂಬ ಕಲ್ಪಿತ ಪಟ್ಟಣವನ್ನು ಶಂಕರನಾಗರು ದೂರದರ್ಶನಕ್ಕಾಗಿ ಆಗುಂಬೆಯಲ್ಲಿ ಕಟ್ಟಿ ತೋರಿಸಿದ ಮೇಲಂತೂ, ಆ ಊರು ತಮ್ಮದೇ ಎಂಬ ಭಾವನೆಯು ಕನ್ನಡಿಗರಲ್ಲಿ ನೆಲೆಗೊಂಡಿದೆ. ಆದುದರಿಂದ ಈ ಗ್ರಂಥವನ್ನು ಕನ್ನಡದ ಕಾವ್ಯಗಳೊಡನೆಯೂ ಕಥೆಗಳೊಡನೆಯೂ ಇಟ್ಟು ತೂಗುವುದು ಅನುಚಿತವಾಗಲಾರದು. ತೂಗಿದಲ್ಲಿ, ಇಂಗ್ಲಿಷ್ ವಿಮರ್ಶಕರ ಕಣ್ಣಿಗೆ ಬೀಳದ ಒಂದೆರಡು ಅಂಶಗಳು ಕಾಣಬರುವುವು.

ನಾರಾಯಣರ ಕಾದಂಬರಿಗಳಲ್ಲಿ ಇದು ಮೊದಲ ಸಾಲಿನದೆಂದು ಎಣಿಸಲ್ಪಟ್ಟಿಲ್ಲ. ‘ದಿ ಗೈಡ್’ ಮುಂತಾದುವುಗಳ ಕೀರ್ತಿಯ ನೆರಳಿನಲ್ಲಿ ಇದು ಮರೆಯಾಗಿದೆ. ಬಹುಮಂದಿ ವಾಚಕರು ಇದನ್ನು ಮಕ್ಕಳಿಗೆ ಒಪ್ಪುವ ಒಂದು ವಿನೋದಕಥೆಯೆಂದೂ, ಕೆಲವರು ವೇದಾಂತವನ್ನು ಹೇಳುವುದಕ್ಕಾಗಿ ಹೂಡಿದ ಒಂದು ರೂಪಕವೆಂದೂ ಭಾವಿಸಿರುವರು. ಈ ಎರಡು ಅಭಿಪ್ರಾಯಗಳಿಗೂ ಗ್ರಂಥದಲ್ಲಿ ಆಧಾರವುಂಟು. ಹಾಗಿದ್ದರೂ ಗ್ರಂಥದ ಮಧ್ಯಭಾಗದಲ್ಲಿ, ವಿನೋದಕ್ಕೂ ವೇದಾಂತಕ್ಕೂ ಸಿಕ್ಕದಿರುವ ಮೂರನೆಯದೊಂದಿದೆ. ಅದು ಊರೂರು ಅಲೆದು ಆಟವನ್ನು ತೋರಿಸಿ ಹೊಟ್ಟೆ ಹೊರೆಯುವ ಜೀವನದ ವರ್ಣನೆ. ಆ ಜೀವನದ ತಳದಲ್ಲಿರುವ ಹಸಿವನ್ನು ಇಷ್ಟು ನಿಚ್ಚಳವಾಗಿ ತೋರಿಸಿದ ಕಾದಂಬರಿಗಳು ಹೆಚ್ಚಿಲ್ಲ; ತೋರಿಸಿದ ಮೇಲೆ ಅದನ್ನು ಇಷ್ಟು ಬೇಗನೆ ಕೈಬಿಟ್ಟವೂ ಹೆಚ್ಚಿಲ್ಲ.

ಅಲೆಮಾರಿಗಳ ಆಟವು ಈ ನಾಡಿಗೆ ಹೊಸದಲ್ಲ. ಹಗ್ಗದ ಮೇಲೆ ನಡೆಯುವ, ಗಳದ ತುದಿಯಲ್ಲಿ ಮಗುವನ್ನು ತಿರುಗಿಸುವ ದೊಂಬರು, ಕರಡಿಯನ್ನು ಕುಣಿಸುವವರು, ಹಾವಾಡಿಗರು, ಕೋಲೆಬಸವನನ್ನು ಕರೆತರುವವರು, ಇವರೆಲ್ಲರೂ ಸರ್ಕಸ್ಸೆಂಬ ಹೆಸರು ಬರುವುದಕ್ಕೆ ಬಹುಕಾಲ ಮುಂಚೆಯೇ ಹಳ್ಳಿಗಳನ್ನು ಸುತ್ತುತ್ತಿದ್ದವರು. ನಂದಿಬೆಟ್ಟದ ಮಗ್ಗುಲಿನ ಮುದ್ದೇನಹಳ್ಳಿಯಂಥ ಊರಿನಲ್ಲಿ ಇಂಥವರಿಗೆ ಬರುತ್ತಿದ್ದುದು ನಾಣ್ಯವಲ್ಲ, ಒಕ್ಕಣೆಯಾದ ಮೇಲೆ ಮೊರದಿಂದ ಸುರಿದ ರಾಗಿ. ಮಳೆ ಹೋದರೆ ರಾಗಿಯಿಲ್ಲ. ರಾಗಿಯಿಲ್ಲದಿದ್ದರೆ ಆಟಕ್ಕೆ ಬೆಲೆಯಿಲ್ಲ. ಕೆರೆಯ ನೀರನ್ನೇ ನಂಬಿದ ಆ ಸೀಮೆಯಲ್ಲಿ ಮೊದಲು ಒಣಗುವುದು ಅಲೆಮಾರಿಯ ಜೋಳಿಗೆ. 1876ರಿಂದ 1878ರವರೆಗಿನ ಧಾತು–ಈಶ್ವರ ಸಂವತ್ಸರಗಳ ಕ್ಷಾಮದಲ್ಲಿ ಮೈಸೂರು ಸೀಮೆಯು ತನ್ನ ಜನರಲ್ಲಿ ದೊಡ್ಡದೊಂದು ಪಾಲನ್ನೇ ಕಳೆದುಕೊಂಡಿತು. ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಆಗ ಇನ್ನೂ ವಿದ್ಯಾರ್ಥಿದಶೆಯಲ್ಲಿದ್ದರು. ಮುಂದೆ ಅವರ ಜೀವಮಾನದ ಚಿಂತೆಯು ನೀರಾದುದು ಆಶ್ಚರ್ಯವಲ್ಲ.

ಆ ಕ್ಷಾಮವು ಕಳೆದ ಎರಡೇ ವರ್ಷಗಳಲ್ಲಿ, 1880ರಲ್ಲಿ, ಭಾರತೀಯರ ಮೊದಲ ಸರ್ಕಸ್ಸು ಮುಂಬಯಿಯಲ್ಲಿ ಆರಂಭವಾಯಿತು. ಅದರ ಸ್ಥಾಪಕರಾದ ವಿಷ್ಣುಪಂತ ಛತ್ರೆಯವರು ಅಶ್ವವಿದ್ಯೆಯಲ್ಲಿ ನಿಪುಣರು. ಯೂರೋಪಿನಿಂದ ಬಂದಿದ್ದ ಮಂಡಲಿಯ ಆಟವನ್ನು ನೋಡಿ ಅದನ್ನು ಮೀರಿಸಬೇಕೆಂಬ ಹಟದಿಂದ ‘ಗ್ರೇಟ್ ಇಂಡಿಯನ್ ಸರ್ಕಸ್’ ಅನ್ನು ಕಟ್ಟಿದರು. ಬಳಿಕ ತಲಚೇರಿಯಲ್ಲಿ ಕೀಲೇರಿ ಕುಂಞಿಕಣ್ಣನ್ ಎಂಬ ವ್ಯಾಯಾಮಶಿಕ್ಷಕರು 1901ರಲ್ಲಿ ಶಿಕ್ಷಣಶಾಲೆಯನ್ನು ತೆರೆದು ನಟವರ್ಗವನ್ನು ಸಿದ್ಧಪಡಿಸಿದರು. ಹೀಗೆ ಮರಾಠರ ಕುದುರೆ, ಮಲೆಯಾಳಿಗಳ ಮೈಕಸರತ್ತು, ಯೂರೋಪಿನ ಡೇರೆ, ಈ ಮೂರೂ ಕೂಡಿದುದು ಈ ದೇಶದ ಸರ್ಕಸ್ಸು. ನಾರಾಯಣರ ಕಾದಂಬರಿಯಲ್ಲಿ ‘ಗ್ರ್ಯಾಂಡ್ ಮಾಲ್ಗುಡಿ ಸರ್ಕಸ್’ ಎಂಬ ಮಂಡಲಿಯ ಯಜಮಾನನು ಪುಣೆಯ ಕಡೆಯ ಹಳೆಯ ಯಜಮಾನನೊಬ್ಬನ ಕೈಯಲ್ಲಿ ಕೆಲಸವನ್ನು ಕಲಿತವನು. ಚರಿತ್ರೆಯ ದಾರಿಯನ್ನು ಗ್ರಂಥಕರ್ತರು ತಪ್ಪದೆ ಹಿಡಿದಿರುವರೆಂಬುದಕ್ಕೆ ಇದೊಂದು ಸಾಕ್ಷಿ.

ಕಥೆಯನ್ನು ಹೇಳುವುದು ಒಂದು ಹುಲಿ. ಮುದಿತನದಲ್ಲಿ ಮೃಗಾಲಯದ ಪಂಜರದೊಳಗೆ ಮಲಗಿ, ತನ್ನನ್ನು ನೋಡಲು ಬರುವವರನ್ನು ನೋಡುತ್ತ, ಅದು ತನ್ನ ಪೂರ್ವವೃತ್ತಾಂತವನ್ನು ನೆನೆಯುವುದು. ಮೆಂಪಿ ಕಾಡಿನ ಯೌವನ, ಹೆಣ್ಣುಹುಲಿಯ ಸಂಗ, ಅದೂ ಮರಿಗಳೂ ಬೇಟೆಗಾರರಿಗೆ ಬಲಿಯಾದುದು, ಹಳ್ಳಿಯ ದನಗಳನ್ನು ಹಿಡಿಯತೊಡಗಿದುದು, ಕ್ಯಾಪ್ಟನ್ ಎಂಬ ಸರ್ಕಸ್ಸಿನ ಯಜಮಾನನ ಬೋನಿಗೆ ಬಿದ್ದುದು, ‘ರಾಜ’ ಎಂಬ ಹೆಸರನ್ನು ಪಡೆದುದು, ಡೇರೆಯೊಳಗಿನ ಆಟಗಳು, ಸಿನಿಮಾದವರ ಕೈಗೆ ಹೋದುದು, ಅಲ್ಲಿ ಕ್ಯಾಪ್ಟನನನ್ನೇ ಕೊಂದುದು, ಮಾಲ್ಗುಡಿಯ ಪಾಠಶಾಲೆಯನ್ನು ಹೊಕ್ಕುದು, ಸನ್ಯಾಸಿಯೊಬ್ಬನ ಹಿಂದೆ ಸಾಧುಪ್ರಾಣಿಯಂತೆ ನಡೆದುಹೋದುದು, ಕಡೆಗೆ ಆ ಗುರುವಿನ ಒಪ್ಪಿಗೆಯಿಂದಲೇ ಮೃಗಾಲಯವನ್ನು ಸೇರಿದುದು: ಕಥಾವಸ್ತುವು ಇಷ್ಟೇ. ಕುಂಭಮೇಳಕ್ಕೆ ಹುಲಿಯೊಡನೆ ಬಂದ ತಪಸ್ವಿಯೊಬ್ಬನ ಸುದ್ದಿಯು ಈ ಕಥೆಗೆ ಬೀಜವಾಯಿತೆಂದು ಗ್ರಂಥಕರ್ತರೇ ಪೀಠಿಕೆಯಲ್ಲಿ ತಿಳಿಸಿರುವರು.

ಹುಲಿಯ ಬಾಯಲ್ಲಿ ಕಥೆಯನ್ನು ಹೇಳಿಸಿದುದು ಔಚಿತ್ಯಕ್ಕೆ ಹೊರತೆಂದು ಕೆಲವರು ಆಕ್ಷೇಪಿಸಬಹುದು. ಈ ರಾಜನ ಮಾತಿನ ಧಾಟಿಯಂತೂ, ಪಿಂಚಿಣಿಯನ್ನು ಪಡೆದು ಮೈಸೂರಿನ ಯಾದವಗಿರಿಯಲ್ಲಿ ಸಂಜೆಯ ನಡಿಗೆಗೆ ಹೊರಟ ಗೃಹಸ್ಥರೊಬ್ಬರ ಮಾತಿನಂತಿದೆ. ಆದರೆ ಈ ಆಕ್ಷೇಪವು ಕನ್ನಡ ವಾಚಕರ ಮುಂದೆ ನಿಲ್ಲಲಾರದು. 1031ರ ಸುಮಾರಿನಲ್ಲಿಯೇ ದುರ್ಗಸಿಂಹನ ಪಂಚತಂತ್ರದಲ್ಲಿ ನರಿಗಳು ರಾಜನೀತಿಯನ್ನು ಚರ್ಚಿಸಿದುದನ್ನು ಕೇಳಿದ ಜನರಿಗೆ, ಹುಲಿಯೊಂದು ನಾಗರಿಕವಾಗಿ ಮಾತನಾಡಿದರೆ ಬೆರಗಾಗಬೇಕಾದುದಿಲ್ಲ. ಮಾತನಾಡಿದುದು ತಪ್ಪಲ್ಲ, ಮಾತು ಬಂದ ಮೇಲೆ ಏನನ್ನು ಹೇಳಿತು, ಏನನ್ನು ಬಿಟ್ಟಿತು ಎಂಬುದೇ ವಿಚಾರಣೀಯವಾದುದು.

ಗ್ರಂಥದಲ್ಲಿ ಅತ್ಯಂತ ಬೆಲೆಯುಳ್ಳ ಭಾಗವು ಹುಲಿಯ ಶಿಕ್ಷಣದ ಭಾಗ. ಕಾಡಿನಲ್ಲಿದ್ದಾಗ ಹಸಿವೆಂಬುದು ರಾಜನಿಗೆ ಬೇಟೆಗೆ ಏಳಿಸುವ ಒಂದು ಸೂಚನೆಯಾಗಿತ್ತು. ಡೇರೆಯಲ್ಲಿ ಅದೇ ಹಸಿವು ಮತ್ತೊಬ್ಬನ ಕೈಯ ಹತಾರವಾಯಿತು. ಅನ್ನವನ್ನೂ ನೀರನ್ನೂ ತಡೆದು, ಚಾವಟಿಯನ್ನೂ ಕುರ್ಚಿಯನ್ನೂ ಹಿಡಿದು, ಕ್ಯಾಪ್ಟನನು ಅದನ್ನು ಕಣದ ಸುತ್ತ ಓಡಿಸುವನು. ಏಕೆ ಓಡಬೇಕೆಂಬುದು ಹುಲಿಗೆ ತಿಳಿಯದು. ಆತನು ಕೂಗುವುದರ ಅರ್ಥವೂ ತಿಳಿಯದು. ಓಡಿದರೆ ನೋವು ನಿಲ್ಲುವುದೆಂಬುದೊಂದು ಮಾತ್ರ ದಿನದಿನಕ್ಕೆ ತಿಳಿಯುತ್ತ ಬರುವುದು. ಈ ಪ್ರಕರಣದಲ್ಲಿ ನಾರಾಯಣರು ಕ್ರೌರ್ಯವನ್ನು ಬಣ್ಣಿಸಿ ಕಣ್ಣೀರನ್ನು ಬೇಡಲಿಲ್ಲ. ತಿಳಿವಳಿಕೆಯಿಲ್ಲದ ಜೀವಕ್ಕೆ ಹೊಟ್ಟೆಯ ಮೂಲಕ ಪಾಠವನ್ನು ಹೇಳುವ ಕ್ರಮವನ್ನು, ಸ್ವಲ್ಪ ತಮಾಷೆಯನ್ನೂ ಬೆರಸಿ, ಒಂದೊಂದಾಗಿ ಬಿಡಿಸಿ ತೋರಿಸಿದರು. ನಗುವು ಬಂದ ಕ್ಷಣದಲ್ಲಿಯೇ ವಾಚಕನಿಗೆ ತನ್ನ ನಗುವಿನ ವಿಷಯದಲ್ಲಿ ಸಂಕೋಚವುಂಟಾಗುವುದು. ಆಟವನ್ನು ನೋಡಿ ಚಪ್ಪಾಳೆ ತಟ್ಟಿದ ಮಾಲ್ಗುಡಿಯ ಜನರ ಬೆಂಚಿನ ಮೇಲೆಯೇ ತಾನೂ ಕುಳಿತಿರುವುದಾಗಿ ಅವನು ಕಾಣುವನು.

ಕ್ಯಾಪ್ಟನನ ಪಾತ್ರಪೋಷಣೆಯು ಈ ಕಾರಣದಿಂದಲೇ ಮೆಚ್ಚತಕ್ಕದ್ದಾಗಿದೆ. ಆತನನ್ನು ರಾಕ್ಷಸನನ್ನಾಗಿ ಮಾಡುವುದು ಸುಲಭವಾಗಿತ್ತು. ಗ್ರಂಥಕರ್ತರು ಹಾಗೆ ಮಾಡಲಿಲ್ಲ. ಪ್ರಾಣಿಗಳ ವಿಷಯದಲ್ಲಿ ಆತನಿಗೆ ಒಂದು ಬಗೆಯ ಮೋಹವೂ ಇದೆ, ತನ್ನ ವಿದ್ಯೆಯಲ್ಲಿ ಅಭಿಮಾನವೂ ಇದೆ; ಎತ್ತರದ ಉಯ್ಯಾಲೆಯ ಮೇಲೆ ಹಾರಾಡುವ ಹೆಂಡತಿಯ ಮುಂದೆ ಮಾತಿಗೆ ತಡವರಿಸುವ ಗಂಡನೂ ಆತನೇ. ಆನೆ ಕುದುರೆಗಳ ಮೇವು, ಆಳುಕಾಳುಗಳ ಸಂಬಳ, ಡೇರೆ ಹಾಕುವ ನೆಲ, ಅಧಿಕಾರಿಗಳ ಅಪ್ಪಣೆ, ಇವೆಲ್ಲವನ್ನೂ ನಿತ್ಯವೂ ತೂಗಬೇಕಾದ ಯಜಮಾನನಿಗೆ ಬಿಡುವೆಂಬುದಿಲ್ಲ. ಒಂದು ದಿನ ಆಟ ನಿಂತರೆ ಮೇವು ನಿಲ್ಲುವುದಿಲ್ಲ. ಹುಲಿಯ ಹಸಿವು ಪಂಜರದೊಳಗಣದಾದರೆ ಕ್ಯಾಪ್ಟನನ ಹಸಿವು ಪಂಜರದ ಹೊರಗಣದು. ಹೊರಗಿನ ಹಸಿವೇ ಒಳಗಿನ ಹಸಿವಿಗೆ ಕಾರಣವಾಗಿದೆ. ಈ ಸಂಬಂಧವನ್ನು ಕ್ಯಾಪ್ಟನನು ಅರಿತವನಲ್ಲ, ಹುಲಿಯು ಅರಿಯಲಾರದು. ಇಬ್ಬರ ನಡುವೆ ಕುಳಿತ ವಾಚಕನೊಬ್ಬನೇ ಅರಿಯುವನು. ಕಾದಂಬರಿಕಾರನ ಹೆಚ್ಚುಗಾರಿಕೆಯು ಇಲ್ಲಿದೆ.

ಚಾರಲ್ಸ್ ಡಿಕನ್ಸನು 1854ರಲ್ಲಿ ಬರೆದ ‘ಹಾರ್ಡ್ ಟೈಮ್ಸ್’ ಎಂಬ ಕಾದಂಬರಿಯು ಇಲ್ಲಿ ನೆನಪಿಗೆ ಬರುವುದು. ಗಿರಣಿಗಳ ಹೊಗೆಯಿಂದ ಕಪ್ಪಾದ ಊರು. ಲೆಕ್ಕಕ್ಕೆ ಸಿಕ್ಕುವ ವಿಷಯಗಳನ್ನಲ್ಲದೆ ಬೇರೆಯದನ್ನು ಕಲಿಸಬಾರದೆಂಬ ಪಾಠಶಾಲೆ. ಊರ ಹೊರಗೆ ಸ್ಲೀರಿಯೆಂಬಾತನ ಕುದುರೆಯಾಟದ ಡೇರೆ. ಕುದುರೆಗಳ ನಡುವೆಯೇ ಬೆಳೆದ ಸಿಸ್ಸಿಯೆಂಬ ಹುಡುಗಿಗೆ ತರಗತಿಯಲ್ಲಿ ಕುದುರೆಯ ಲಕ್ಷಣವನ್ನು ಹೇಳಲು ಬಾರದು. ಕುದುರೆಯ ಸಹವಾಸವನ್ನೇ ಕಾಣದ ಹುಡುಗನು ಅದರ ಹಲ್ಲುಗಳ ಲೆಕ್ಕವನ್ನೊಪ್ಪಿಸುವನು. ಕಡೆಗೆ ಲೆಕ್ಕದ ಗೃಹಸ್ಥನ ಮಗನು ಬ್ಯಾಂಕಿನ ಹಣವನ್ನು ಕದ್ದು ಓಡಿದಾಗ ಅವನನ್ನು ಅಡಗಿಸಿ ಕಳುಹಿಸುವವರು ಆ ಡೇರೆಯವರೇ. ಡಿಕನ್ಸನಿಗೆ ಸರ್ಕಸ್ಸೆಂದರೆ ಕಷ್ಟಕಾಲದಲ್ಲಿ ಹೃದಯಕ್ಕೆ ಉಳಿದ ಒಂದು ಆಸರೆ. ಅದು ಮನೋಹರವಾದ ಭಾವನೆ. ಆದರೆ ಬೇಲಿಯ ಹೊರಗಿನಿಂದ ನೋಡಿದವನ ಭಾವನೆ. ಆ ಕುದುರೆಗೆ ಅಂದು ಹುಲ್ಲು ಬಿದ್ದಿತೋ ಇಲ್ಲವೋ ಎಂಬ ಪ್ರಶ್ನೆಯು ಅಲ್ಲಿ ಮುಖ್ಯವಾಗುವುದಿಲ್ಲ. ನಾರಾಯಣರು ಬೇಲಿಯನ್ನು ದಾಟಿ ಪಂಜರದೊಳಗೆ ಕುಳಿತರು. ಒಳಗಿನಿಂದ ನೋಡಿದಾಗ ಡೇರೆಯೂ ಒಂದು ಗಿರಣಿಯಾಗಿಯೇ ಕಂಡಿತು. ಕಲಾವೈಭವದಲ್ಲಿ ಈ ಇಬ್ಬರನ್ನು ಸಮಗಟ್ಟುವುದು ಸಲ್ಲದು. ಈ ಒಂದು ವಿಷಯದಲ್ಲಿ ಮಾತ್ರ ಮಾಲ್ಗುಡಿಯವರು ಮುಂದೆ ಹೋಗಿರುವರು.

ಇನ್ನು, ಕನ್ನಡ ವಾಚಕನು ಸುಮ್ಮನೆ ದಾಟಿಹೋಗಲಾರದ ಒಂದು ಸನ್ನಿವೇಶವಿದೆ. ರಾಜನು ಕಲಿತ ಆಟಗಳಲ್ಲಿ ಉರಿಯುವ ಬಳೆಯೊಳಗೆ ನೆಗೆಯುವುದೊಂದು. ಮೇಕೆಯೊಡನೆ ನಿಂತು ಒಂದೇ ಪಾತ್ರೆಯಿಂದ ಹಾಲನ್ನು ಕುಡಿಯುವುದು ಮತ್ತೊಂದು. ಹುಲಿಯೂ ಮೇಕೆಯೂ ವೈರವನ್ನು ಮರೆತ ಈ ದೃಶ್ಯವನ್ನು ನೋಡಿ ಜನರು ಹರ್ಷಪಡುವರು. ಕನ್ನಡನಾಡಿನ ಮಕ್ಕಳು ತೊಟ್ಟಿಲಿನಿಂದಲೇ ಕೇಳಿ ಬೆಳೆದ ಗೋವಿನ ಹಾಡಿನಲ್ಲಿ ಇದಕ್ಕೆ ಸಮೀಪದ, ಆದರೆ ಇದಕ್ಕೆ ತೀರ ವಿರುದ್ಧವಾದ ಸಂದರ್ಭವೊಂದುಂಟು. ಅಲ್ಲಿಯೂ ಹಸಿದ ಹುಲಿಯಿದೆ. ಅರ್ಬುತನೆಂಬ ಆ ಹುಲಿಯು ಪುಣ್ಯಕೋಟಿಯೆಂಬ ಹಸುವನ್ನು ಅಡ್ಡಗಟ್ಟಿ, ಕರುವಿಗೆ ಮೊಲೆಯೂಡಿಸಿ ಬರುವೆನೆಂಬ ಅದರ ಮಾತನ್ನು ನಂಬಿ ಬಿಟ್ಟುಕೊಡುವುದು. ಹಸುವು ಮಾತಿಗೆ ತಪ್ಪದೆ ಮರಳಿ ಬಂದಾಗ ಹುಲಿಯು ನಾಚಿ ತನ್ನ ಪ್ರಾಣವನ್ನೇ ನೀಗುವುದು. ಆ ಹುಲಿಯು ಹಸಿವನ್ನು ಗೆದ್ದುದು ಸತ್ಯದ ಮುಂದೆ. ಡೇರೆಯ ಹುಲಿಯು ಹಸಿವನ್ನು ನುಂಗಿಕೊಂಡುದು ಚಾವಟಿಯ ಮುಂದೆ. ಹೊರನೋಟಕ್ಕೆ ಎರಡು ಕಡೆಗಳಲ್ಲಿಯೂ ಹುಲಿಯು ಸಾಧುವಾಗಿದೆ. ಟಿಕೆಟ್ಟು ಕೊಂಡವನಿಗೆ ಈ ಎರಡರ ಭೇದವು ತೋರದು. ಪುಣ್ಯಕೋಟಿಯ ನೆನಪು ನಾರಾಯಣರ ಮನಸ್ಸಿನಲ್ಲಿತ್ತೆಂದು ಸಾಧಿಸುವುದು ಇಲ್ಲಿಯ ಉದ್ದೇಶವಲ್ಲ. ಇದ್ದಿರಲಿ ಇಲ್ಲದಿರಲಿ, ಆ ಹಾಡನ್ನು ಬಲ್ಲವರಿಗೆ ಈ ಹಾಲಿನ ಪಾತ್ರೆಯ ದೃಶ್ಯವು ಎದೆಗೆ ಚುಚ್ಚುವ ಒಂದು ಅಣಕವಾಗಿ ಕಾಣುವುದು. ಶಾಂತಿಯನ್ನು ಹಸಿವಿನಿಂದ ಕೊಂಡು, ಸತ್ಯದ ಫಲವೆಂದು ಮಾರಿದ ವ್ಯಾಪಾರವಾಗಿ ತೋರುವುದು.

ಕೋಲೆಬಸವನ ಆಟವನ್ನು ಇದರೊಡನೆ ಹೋಲಿಸಬಹುದು. ಆತನೊಡನೆ ಬಸವನು ಊರಿಂದೂರಿಗೆ ನಡೆದು ಬರುವನು. ಪ್ರಶ್ನೆಗೆ ತಲೆಯಾಡಿಸುವನು, ಮುನಿಯುವನು, ಒಲಿಯುವನು. ಜನರು ಬಸವನಿಗೆ ಕೈಮುಗಿದು ಆ ಮೇಲೆ ಧಾನ್ಯವನ್ನು ನೀಡುವರು. ಅಲ್ಲಿಯೂ ಮೂಗುದಾರವಿದೆ, ಅದನ್ನು ಮರೆಮಾಚಲಾಗದು. ಆದರೆ ಆಡಿಸುವವನೂ ಆಡುವವನೂ ಒಂದೇ ದಾರಿಯನ್ನು ನಡೆದು, ಒಂದೇ ಮರದಡಿಯಲ್ಲಿ ಮಲಗಿ, ಕ್ಷಾಮ ಬಂದರೆ ಇಬ್ಬರೂ ಕೂಡಿಯೇ ಬಡಕಲಾಗುವರು. ಡೇರೆ ದೊಡ್ಡದಾದಷ್ಟೂ ಈ ಕೂಡುವಿಕೆಯು ಕಡಿಮೆಯಾಗುತ್ತ ಬಂದಿತು. ಮಾಲ್ಗುಡಿಯ ಕ್ಯಾಪ್ಟನನು ಈ ಎರಡು ಕಾಲಗಳ ನಡುವೆ ನಿಂತಿರುವ ಮನುಷ್ಯ.

ಮೂರನೆಯ ಕಾಲವು ಸಿನಿಮಾದ ರೂಪದಲ್ಲಿ ಬರುವುದು. ಮದನನೆಂಬ ನಿರ್ದೇಶಕನು ಹುಲಿಯನ್ನು ತನ್ನ ಚಿತ್ರಕ್ಕಾಗಿ ಎರವಲು ಬೇಡಿ, ಜಗ್ಗುವೆಂಬ ಜಟ್ಟಿಯ ಎದುರು ಅದು ಹಿಂಗಾಲುಗಳ ಮೇಲೆ ನಿಂತು ಕಾದಬೇಕೆಂದು ಅಪೇಕ್ಷಿಸುವನು. ಡೇರೆಯ ಆಟವು ನಿತ್ಯವೂ ಹೊಸದಾಗಿ ನಡೆಯತಕ್ಕದ್ದು. ಸಿನಿಮಾದವನಿಗೆ ಒಂದೇ ಬಾರಿ ಸಾಕು, ಆದರೆ ಆ ಒಂದು ಬಾರಿಯು ಅವನು ಹೇಳಿದ ಗಳಿಗೆಯಲ್ಲಿಯೇ ಆಗಬೇಕು. ಈ ಆತುರಕ್ಕೆ ಚಾವಟಿಯು ಸಾಲದೆ ಕ್ಯಾಪ್ಟನನು ವಿದ್ಯುತ್ತಿನ ಪೆಟ್ಟನ್ನು ಕೊಡುವ ಕೋಲನ್ನು ಎತ್ತಿದನು. ಹುಲಿಯು ತನ್ನ ಪಂಜವನ್ನೆತ್ತಿತು. ಹಸಿವಿನಿಂದ ಕಲಿಸಿದುದು ಮುರಿಯದೆ ನಿಂತಿತ್ತು. ಯಂತ್ರದಿಂದ ಕಲಿಸಹೋದಾಗ ಮುರಿಯಿತು. ಕ್ಯಾಪ್ಟನನ ಸಾವನ್ನು ಗ್ರಂಥಕರ್ತರು ಒಂದೆರಡು ವಾಕ್ಯಗಳ ವೇಗದಲ್ಲಿ ಮುಗಿಸಿರುವುದು ಸರಿಯಾಗಿಯೇ ಇದೆ.

ಚರಿತ್ರೆಯ ದೃಷ್ಟಿಯಿಂದಲೂ ಈ ಪ್ರಕರಣವು ಸತ್ಯವಾದುದು. ಕನ್ನಡನಾಡಿನಲ್ಲಿ ಡೇರೆಯ ಬಾಳಿಗೆ ಅತ್ಯಂತ ಸಮೀಪವಾದುದು ನಾಟಕಮಂಡಲಿಗಳ ಬಾಳು. 1884ರಲ್ಲಿ ಹುಟ್ಟಿದ ಗುಬ್ಬಿಯ ಮಂಡಲಿಯು ವೀರಣ್ಣನವರ ಕಾಲದಲ್ಲಿ, 1934ರ ‘ಕುರುಕ್ಷೇತ್ರ’ ನಾಟಕದಲ್ಲಿ, ನಿಜವಾದ ಆನೆಗಳನ್ನೂ ಕುದುರೆಗಳನ್ನೂ ರಂಗಸ್ಥಳಕ್ಕೆ ತಂದಿತು. ನಾಟಕವು ಸರ್ಕಸ್ಸಿನ ವೈಭವವನ್ನು ಎರವಲು ಪಡೆದುದಕ್ಕೆ ಕಾರಣವು ಕೇವಲ ಕಲಾಭಿರುಚಿಯಲ್ಲ. ವಾಕ್ಚಿತ್ರವು ಬಾಗಿಲಿಗೆ ಬಂದು ನಿಂತಿತ್ತು. ಆ ವರ್ಷವೇ ಕನ್ನಡದ ಮೊದಲ ವಾಕ್ಚಿತ್ರವಾದ ‘ಸತಿ ಸುಲೋಚನ’ವು ತೆರೆಯ ಮೇಲೆ ಬಂದಿತು. ವೀರಣ್ಣನವರು ವಿವೇಕಿಗಳಾದುದರಿಂದ ತಾವೇ ಚಿತ್ರಗಳ ನಿರ್ಮಾಣಕ್ಕೂ ಕೈಹಾಕಿದರು. 1954ರಲ್ಲಿ ‘ಬೇಡರ ಕಣ್ಣಪ್ಪ’ದ ಮೂಲಕ ಮಂಡಲಿಯ ನಟರಾಗಿದ್ದ ರಾಜಕುಮಾರರು ತೆರೆಯನ್ನು ಸೇರಿದರು. ಎಲ್ಲ ಯಜಮಾನರಿಗೂ ಈ ದಾರಿಯು ದೊರೆಯಲಿಲ್ಲ. ತನ್ನ ಹುಲಿಯನ್ನು ಹಿಡಿದುಕೊಂಡು ಸಿನಿಮಾದವನ ಬಾಗಿಲಿಗೆ ಹೋಗಿ ಅಲ್ಲಿಯೇ ಮಡಿದ ಕ್ಯಾಪ್ಟನನ ಕಥೆಯಲ್ಲಿ, ಹೆಸರು ಉಳಿಯದ ಎಷ್ಟೋ ಮಂಡಲಿಗಳ ಅವಸಾನವನ್ನು ಓದಿಕೊಳ್ಳಬಹುದು.

ಪಾಠಶಾಲೆಯ ಪ್ರಕರಣವನ್ನು ಕುರಿತು ಹೆಚ್ಚಾಗಿ ಹೇಳಬೇಕಾದುದಿಲ್ಲ. ಹುಲಿಯು ಮುಖ್ಯೋಪಾಧ್ಯಾಯನ ಕೊಠಡಿಯಲ್ಲಿ ಮಲಗಿದೆ, ಆತನು ಅಟ್ಟವನ್ನು ಹತ್ತಿ ಕುಳಿತಿರುವನು. ಹೊರಗೆ ಬಂದೂಕಿನವನೂ ಊರ ಮುಖಂಡರೂ ಅಪ್ಪಣೆ ಯಾರದು, ಕಾಗದಕ್ಕೆ ರುಜು ಯಾರದು ಎಂದು ವಾದಿಸುವರು. 1973ರಲ್ಲಿ ಹುಲಿಗಳ ಸಂರಕ್ಷಣೆಗಾಗಿ ಸರ್ಕಾರದವರು ಹೂಡಿದ ಯೋಜನೆಯಲ್ಲಿ ಬಂಡೀಪುರವೂ ಸೇರಿದ್ದ ದಿನಗಳನ್ನು ಕಂಡವರಿಗೆ ಈ ಹಾಸ್ಯದ ಗುರಿಯು ಹೊಳೆಯುವುದು. ನಾರಾಯಣರ ಕೈಗೆ ಇದು ಸಲೀಸಾದ ಕೆಲಸ.

ತೊಡಕು ಇರುವುದು ಆ ಮೇಲಿನ ಭಾಗದಲ್ಲಿ. ಗುಂಪನ್ನು ದಾಟಿ ಬಂದ ಸನ್ಯಾಸಿಯು ಹುಲಿಯೊಡನೆ ಮಾತನಾಡಿ, ಅದರ ಒಳಗೆ ಮಾತನ್ನೂ ವಿವೇಕವನ್ನೂ ಎಬ್ಬಿಸಿ, ಬೆಟ್ಟಕ್ಕೆ ಕರೆದೊಯ್ಯುವನು. ಪೂರ್ವಾಶ್ರಮದ ಹೆಂಡತಿಯು ಆತನನ್ನು ಹುಡುಕಿಕೊಂಡು ಬಂದು ಬೇಡಿಕೊಂಡಾಗಲೂ ಮನಸ್ಸನ್ನು ಕದಲಿಸದೆ ಹಿಂದಕ್ಕೆ ಕಳುಹಿಸುವನು. ಈ ಭಾಗದ ಬರವಣಿಗೆಯು ತಿಳಿಯಾಗಿದೆ, ಗಂಭೀರವಾಗಿದೆ. ಶಾಂತವನ್ನೂ ರಸಗಳ ಗಣನೆಯಲ್ಲಿ ಸೇರಿಸಿದ ಕವಿರಾಜಮಾರ್ಗದ ಕಾಲದಿಂದ ಕನ್ನಡಿಗರು ಶಾಂತದ ಬೆಲೆಯನ್ನು ಬಲ್ಲರು. ಆದರೆ ಶಾಂತವು ರಸವಾಗಬೇಕಾದರೆ ಅದಕ್ಕೆ ಮುಂಚಿನ ಭಾವಗಳು ಅದರೊಳಗೆ ಕರಗಬೇಕು. ಹೊರಗೆ ಬಿದ್ದು ಉಳಿಯಬಾರದು. ಇಲ್ಲಿ ಡೇರೆಯ ಹಸಿವು ಕರಗಲಿಲ್ಲ, ಹೊರಗುಳಿಯಿತು. ಹುಲಿಗೆ ಮಾತು ಬಂದುದು ಗುರುವಿನ ಅನುಗ್ರಹದಿಂದ. ಆದಕಾರಣ ಅದು ಆಡುವ ಮೊದಲ ಮಾತೇ ಶಾಂತಿಯ ಮಾತಾಗಿದೆ. ಕೋಪದಿಂದ ಆಡಬಹುದಾಗಿದ್ದ ಮಾತನ್ನು ಆಡುವ ಅವಕಾಶವು ಅದಕ್ಕೆ ಒದಗಲೇ ಇಲ್ಲ. ಮೊದಲಿನಿಂದ ಕಥೆಯನ್ನು ಹೇಳಿದುದು ಈ ಪಳಗಿದ ನಾಲಗೆಯೇ ಎಂಬುದನ್ನು ನೆನೆದಾಗ, ಶಿಕ್ಷಣದ ಪ್ರಕರಣದಲ್ಲಿ ಕಂಡ ಆ ಸಣ್ಣ ತಮಾಷೆಯ ಮೂಲವೂ ತಿಳಿಯುವುದು. ಪ್ರಶ್ನೆಯು ಇದು: ಕ್ಯಾಪ್ಟನನು ಹಸಿವಿನಿಂದ ಪಳಗಿಸಿದುದನ್ನು ಗುರುವು ಜ್ಞಾನದಿಂದ ಪಳಗಿಸಿದನೆಂದರೆ, ಪಳಗಿದ ಜೀವದ ಪಾಲಿಗೆ ಇವೆರಡರ ಭೇದವೇನು? ಭೇದವಿದೆಯೆಂದು ಗ್ರಂಥಕರ್ತರು ದೃಢವಾಗಿ ನಂಬಿರುವರು. ನಂಬಿಕೆಯನ್ನು ಕಥೆಯೊಳಗೆ ಸಾಧಿಸಿ ತೋರಿಸುವ ಶ್ರಮವನ್ನು ಮಾತ್ರ ಕೈಕೊಂಡಿಲ್ಲ.

ಸಾಧ್ಯವಿರಲಿಲ್ಲವೆಂದು ಹೇಳುವಂತಿಲ್ಲ. 1209ರಲ್ಲಿ ಜನ್ನನು ‘ಯಶೋಧರಚರಿತೆ’ಯಲ್ಲಿ ಅದನ್ನು ಸಾಧಿಸಿದನು. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಹಿಂಸೆಗಾಗಿ ಯಶೋಧರನೂ ಅವನ ತಾಯಿಯೂ ನವಿಲು, ನಾಯಿ, ಆಡು, ಕೋಣ, ಕೋಳಿ ಮುಂತಾದ ಜನ್ಮಗಳನ್ನೆತ್ತಿ, ಒಂದೊಂದರಲ್ಲಿಯೂ ತಮ್ಮವರ ಕೈಯಿಂದಲೇ ಎಂಬಂತೆ ನೋವನ್ನುಂಡು, ಕೊನೆಗೆ ಅಭಯರುಚಿ ಅಭಯಮತಿಯರೆಂಬ ಮನುಷ್ಯರಾಗಿ ಹುಟ್ಟುವರು. ಮಾರಿಯ ಗುಡಿಯಲ್ಲಿ ಕತ್ತಿಯ ಮುಂದೆ ನಿಂತ ಅಭಯರುಚಿಯು ಮಾರಿದತ್ತ ರಾಜನಿಗೆ ಆ ಜನ್ಮಗಳ ಕಥೆಯನ್ನು ಹೇಳುವನು. ಹೇಳುವವನ ಮನಸ್ಸು ಶಾಂತವಾಗಿದೆ. ಆದರೆ ಮೃಗಜನ್ಮದ ನೋವು ಒಂದು ಕೂದಲೆಳೆಯಷ್ಟೂ ಕಡಿಮೆಯಾಗಿ ಹೇಳಲ್ಪಟ್ಟಿಲ್ಲ. ಅದನ್ನು ಕೇಳಿದ ಮಾರಿದತ್ತನ ಕೈಯ ಕತ್ತಿಯು ಕೆಳಗಿಳಿಯುವುದು. ಕಥೆಯು ಒಬ್ಬನಿಗೆ ತಟ್ಟಿತು, ಬಲಿ ನಿಂತಿತು. ಮಾಲ್ಗುಡಿಯ ರಾಜನು ಯಾರಿಗೆ ಹೇಳುವನು? ಪಂಜರದ ಮುಂದೆ ನಿಂತು ಹೋಗುವ ಜನರಿಗೆ ಅದು ಕೇಳಿಸದು. ಚಾವಟಿಯವನು ಸತ್ತಿರುವನು, ಗುರುವು ಬೆಟ್ಟದಲ್ಲಿರುವನು. ಜನ್ನನಲ್ಲಿ ಕಥನವೇ ಒಂದು ಕಾರ್ಯವಾಗಿದ್ದುದು ಇಲ್ಲಿ ಮುದಿತನದ ನೆನಪಾಗಿ ಕುಗ್ಗಿದೆ.

ನಾರಾಯಣರ ಪಕ್ಷವನ್ನು ಹಿಡಿದು ಒಂದು ಮಾತನ್ನು ಹೇಳಬಹುದು. ಜನ್ನನ ಕಾಲದಲ್ಲಿ ಕಥೆಗೆ ಕಿವಿಗೊಡುವ ರಾಜನಿದ್ದನು. ಇಪ್ಪತ್ತನೆಯ ಶತಮಾನದ ಹುಲಿಗೆ ಅಂಥ ಕೇಳುಗನಿಲ್ಲ, ಟಿಕೆಟ್ಟಿನವರು ಮಾತ್ರ ಇರುವರು. ಈ ಒಂಟಿತನವನ್ನೇ ಕಡೆಯ ಪುಟಗಳು ಸೂಚಿಸುವುವೆಂದು. ಮೃಗಾಲಯದ ಮಕ್ಕಳನ್ನು ನಗಿಸುವ ಕೆಲಸವನ್ನು ಗುರುವೇ ಶಿಷ್ಯನಿಗೆ ಒಪ್ಪಿಸಿದಾಗ ಆ ಮಾತಿನಲ್ಲಿ ಕರುಣೆಯಿದೆ. ಬಹುಶಃ ಗ್ರಂಥಕರ್ತರಿಗೆ ತಿಳಿಯದಂತೆ ಒಂದು ವಿಷಾದವೂ ಇದೆ. ಕಾಡಿನಿಂದ ಬೋನಿಗೆ, ಬೋನಿನಿಂದ ಡೇರೆಗೆ, ಡೇರೆಯಿಂದ ಆಶ್ರಮಕ್ಕೆ ಹೋದ ಹುಲಿಯು ಕಡೆಗೆ ಸೇರಿದುದು ಮತ್ತೊಂದು ಬೋನನ್ನೇ. ಈ ಸುತ್ತನ್ನು ಗ್ರಂಥವು ನೇರವಾಗಿ ದಿಟ್ಟಿಸಿದ್ದರೆ ಇದು ನಾರಾಯಣರ ಅತ್ಯುತ್ತಮ ಕೃತಿಯಾಗುತ್ತಿತ್ತೆಂದು ಹೇಳಲು ಅವಕಾಶವಿದೆ.

ಕಾದಂಬರಿಯಲ್ಲಿ ಕಂಡ ಆ ಲೋಕವು ಈಗ ಇಲ್ಲ. ಕರಡಿ, ಕಪಿ, ಹುಲಿ, ಚಿರತೆ, ಸಿಂಹ ಇವುಗಳನ್ನು ಆಟಕ್ಕೆ ಪಳಗಿಸಿ ತೋರಿಸಕೂಡದೆಂದು ಕೇಂದ್ರ ಸರ್ಕಾರವು 1998ರ ಅಕ್ಟೋಬರಿನಲ್ಲಿ ವಿಧಿಸಿತು. ಸರ್ಕಸ್ಸಿನ ಯಜಮಾನರು ನ್ಯಾಯಾಲಯವನ್ನು ಹತ್ತಿದರು; ತಮ್ಮ ಜೀವನೋಪಾಯವೇ ಹೋಗುವುದೆಂಬುದು ಅವರ ವಾದಗಳಲ್ಲಿ ಒಂದು. ಕ್ಯಾಪ್ಟನನು ಬದುಕಿದ್ದರೆ ಅದನ್ನೇ ಹೇಳುತ್ತಿದ್ದನು. ಕೇರಳದ ಉಚ್ಚ ನ್ಯಾಯಾಲಯವು ಆ ವಾದವನ್ನು 2000ದಲ್ಲಿ ತಳ್ಳಿಹಾಕಿತು. ಸರ್ವೋಚ್ಚ ನ್ಯಾಯಾಲಯವು 2001ರ ಮೇ 1ರಂದು ಆ ತೀರ್ಪನ್ನು ಎತ್ತಿಹಿಡಿಯಿತು. ಅದೇ ತಿಂಗಳ 13ರಂದು ನಾರಾಯಣರು ಚೆನ್ನೈಯಲ್ಲಿ ತೀರಿಕೊಂಡರು. ಡೇರೆಗಳಿಂದ ಬಿಡಿಸಿದ ಹುಲಿ ಸಿಂಹಗಳಲ್ಲಿ ಹಲವನ್ನು ಬೆಂಗಳೂರಿನ ಹತ್ತಿರದ ಬ‌ನ್ನೇರುಘಟ್ಟದ ರಕ್ಷಣಾಕೇಂದ್ರಕ್ಕೆ ತಂದು, ಸಾಯುವವರೆಗೆ ಅಲ್ಲಿ ಸಾಕಿದರು. ಕಾಡಿಗೆ ಬಿಡುವಂತಿರಲಿಲ್ಲ, ಬೇಟೆಯಾಡುವುದನ್ನು ಅವು ಅರಿಯವು.